ಎಂಟು ಅಕ್ಷರದ ಮೂರನೆಯ ಹೆಸರು: ಬದಿಯಡ್ಕದ ಚಾವಡಿಯಲ್ಲಿ ಒಂದು ಆಲ್ಬಮಿನ ಅರ್ಥ ಹುಡುಕಿದ ಪ್ರಕರಣ

2020ರ ಜುಲೈ 24, ಶುಕ್ರವಾರ. ತುಳುವರ ಮಳೆಗಾಲದ ತಿಂಗಳು ಆಟಿ ಶುರುವಾಗಿ ಒಂದು ವಾರ ಕಳೆದಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಸ್ವಲ್ಪ ಮೊದಲು ಅಣ್ಣನ ಮಗಳು ಕೊಡೆ ಹಿಡಿದುಕೊಂಡು ಮನೆ ಹಿಂದಿನ ಗುಡ್ಡೆ ಹತ್ತಿದಳು. ಕಾಸರಗೋಡಿನ ಬದಿಯಡ್ಕ ಪೇಟೆಯಿಂದ ಒಳಗಿರುವ ನಮ್ಮ ಮನೆಯಲ್ಲಿ ರೇಂಜ್ ಇಲ್ಲ. ಗುಡ್ಡೆಯ ಮೇಲಿನ ಗೇರುಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ನ್ಯೂಯಾರ್ಕಿನಲ್ಲಿ ನಡುರಾತ್ರಿಯಾಗುವ ಹೊತ್ತಿಗೆ, ಅಂದರೆ ನಮಗೆ ಒಂಬತ್ತೂವರೆಗೆ, ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರ ‘ಫೋಕ್‌ಲೋರ್’ ಎಂಬ ಆಲ್ಬಮ್ ಹೊರಬರುವುದಿತ್ತು. ಸುದ್ದಿ ಬಂದದ್ದೇ ಹಿಂದಿನ ದಿನ. ಹದಿನಾರು ಹಾಡು. ಎಲ್ಲವನ್ನೂ ಫೋನಿಗೆ ಇಳಿಸಿಕೊಂಡು, ಅರ್ಧ ಒದ್ದೆಯಾಗಿ ಬಂದವಳು ಅಡುಗೆಕೋಣೆಯ ಬಾಗಿಲಲ್ಲೇ ಹೇಳಿದಳು: “ಅತ್ತೆ, ಇದರಲ್ಲಿ ಒಂದು ಕತೆ ಅಡಗಿಸಿ ಇಟ್ಟಿದ್ದಾರಂತೆ. ಮೂರು ಹಾಡು, ಮೂರು ಜನ. ಯಾವ ಮೂರು ಅಂತ ಮಾತ್ರ ಹೇಳ್ಲಿಲ್ಲ.”

ಅಲ್ಲಿಂದ ಶುರುವಾದ ಹುಡುಕಾಟ ಮುಂದಿನ ಆಟಿಯವರೆಗೂ ನಡೆಯಿತು. ನಾನು ಕನ್ನಡ ಟೀಚರ್, ಇಂಗ್ಲಿಷ್ ಪಾಪ್ ಕೇಳಿ ಬೆಳೆದವಳಲ್ಲ. ಆದರೂ ಆ ಒಂದು ವರ್ಷದಲ್ಲಿ ನಾಲ್ಕು ಮಕ್ಕಳು ಒಂದು ಆಲ್ಬಮನ್ನು ಓದಿದ ರೀತಿ, ಎಡವಿದ ರೀತಿ, ಇಪ್ಪತ್ತು ವರ್ಷದ ನನ್ನ ಪಾಠದಲ್ಲಿ ನಾನು ಕಾಣದ್ದು. ಅವರು ಬರೆದಿಟ್ಟ ನೋಟ್‌ಬುಕ್ ನನ್ನ ಹತ್ತಿರ ಇದೆ. ಅದನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಾಲ್ವರು, ಒಂದು ನೋಟ್‌ಬುಕ್

ಅಣ್ಣ, ಅತ್ತಿಗೆ ಇರುವುದು ಬೆಂಗಳೂರಿನಲ್ಲಿ. ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಬಿ.ಎ. ಮಾಡುತ್ತಿದ್ದಳು. ಮಾರ್ಚಿನಲ್ಲಿ ನಾಲ್ಕು ದಿನಕ್ಕೆಂದು ನಮ್ಮಲ್ಲಿಗೆ ಬಂದವಳು ಕೊರೋನಾಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದ್ದರಿಂದ ಇಲ್ಲೇ ಉಳಿದಳು. ಆಮೇಲೆ ಪಾಸ್ ಸಿಗುವಂತಾಯಿತು, ಕಾಲೇಜು ಮಾತ್ರ ತೆರೆಯಲಿಲ್ಲ. ಉಳಿದ ಮೂವರು ನನ್ನ ಹಳೆಯ ವಿದ್ಯಾರ್ಥಿಗಳು. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಊರಿನ ಹೆಸರಿನಲ್ಲೇ ಕರೆಯುತ್ತೇನೆ. ಪೆರ್ಲದವನು ಗಣಿತದ ಹುಡುಗ, ಏನು ಕಂಡರೂ ಎಣಿಸುವವನು. ಕುಂಬಳೆಯವಳಿಗೆ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಒಳ್ಳೆಯ ಕಂಠ, ಮಾತು ಕಮ್ಮಿ. ಮುಳ್ಳೇರಿಯದವನ ಅಜ್ಜ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳಿದವರು. ಮೊಮ್ಮಗನಿಗೂ ಆ ಗಾಳಿ ತಾಗಿದೆ.

ಗಡಿನಾಡಿನ ಮಕ್ಕಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಈ ಮಕ್ಕಳು ಅದರ ಮೂರನೆಯ ತಲೆಮಾರು. ಬಸ್ಸಿನ ಬೋರ್ಡು, ಕಚೇರಿಯ ಅರ್ಜಿ, ಔಷಧಿ ಚೀಟಿಯ ಹಿಂದಿನ ಸೂಚನೆ, ಯಾವುದನ್ನೂ ಇವರು ಒಂದೇ ಓದಿಗೆ ಓದಿ ಮುಗಿಸುವುದಿಲ್ಲ. ಅರ್ಧ ಓದಿ ಅರ್ಧ ಊಹಿಸುತ್ತಾರೆ, ಊಹೆ ಸರಿಯೋ ಎಂದು ಪಕ್ಕದವರ ಮುಖ ನೋಡುತ್ತಾರೆ. ಊಹಿಸಿ ಓದುವ ಅಭ್ಯಾಸ ಇವರಿಗೆ ಆ ಆಲ್ಬಮಿನಿಂದ ಬಂದದ್ದಲ್ಲ.

ಅದರ ಮೇಲೆ ತಾಳಮದ್ದಳೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ, ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಶೇಣಿ, ಎರಡೂ ನಮ್ಮ ಜಿಲ್ಲೆಯಲ್ಲೇ ಇವೆ. ಭಾಗವತರು ಪದ್ಯ ಹೇಳುತ್ತಾರೆ. ಪದ್ಯ ಎಲ್ಲರಿಗೂ ಒಂದೇ. ಅರ್ಥ ಮಾತ್ರ ಆ ರಾತ್ರಿ, ಆ ಕ್ಷಣ, ಎದುರು ಕೂತವರನ್ನು ನೋಡಿ ಹುಟ್ಟಬೇಕು. ವಾಲಿ ಮೋಕ್ಷದಲ್ಲಿ ಬಾಣ ತಾಗಿ ಬಿದ್ದ ವಾಲಿ ಮರೆಯಲ್ಲಿ ನಿಂತ ರಾಮನನ್ನು ಕೇಳುತ್ತಾನಲ್ಲ, ಅಲ್ಲಿ ವಾಲಿಯ ಅರ್ಥಧಾರಿ ಗಟ್ಟಿಯಿದ್ದರೆ ಬೆಳಗಿನ ಜಾವಕ್ಕೆ ಸಭೆಯೇ ರಾಮನ ಮೇಲೆ ಸಿಟ್ಟಾಗುತ್ತದೆ. ಆದರೆ ವಾಲಿ ಎಷ್ಟು ಹಾರಿದರೂ ಪದ್ಯ ಬಿಟ್ಟು ಹಾರುವಂತಿಲ್ಲ. ಬಿಟ್ಟರೆ ಎದುರಿನವರು ಹಿಡಿಯುತ್ತಾರೆ: “ಇದು ಯಾವ ಪದ್ಯದಲ್ಲಿ ಬಂತು ಮಹಾರಾಯ?”

ನೋಟ್‌ಬುಕ್ಕಿಗೆ ನಾನು ಹಾಕಿಕೊಟ್ಟ ನಿಯಮ ಅದೊಂದೇ. ಊಹೆ ಬರೆಯಿರಿ, ತಾರೀಕು ಹಾಕಿ, ಯಾವ ಸಾಲಿನ ಮೇಲೆ ನಿಂತು ಹೇಳುತ್ತೀರಿ ಎಂದು ಪಕ್ಕದಲ್ಲಿ ಬರೆಯಿರಿ. ಸಾಲಿಲ್ಲದ ಊಹೆಗೆ ಪುಟ ಇಲ್ಲ. ಇದು ಸಾಲದಾಯಿತು ಎಂದು ಡಿಸೆಂಬರಿನಲ್ಲಿ ಗೊತ್ತಾಯಿತು.

ಮೂರು ಹಾಡು ಯಾವುವು

‘ಕಾರ್ಡಿಗನ್’ ಹಾಡಿನ ವಿಡಿಯೊ ಬರುವ ಹೊತ್ತಿಗೆ ಗಾಯಕಿಯೇ ಅಭಿಮಾನಿಗಳಿಗೆ ಬರೆದು ತಿಳಿಸಿದ್ದರು: ಆಲ್ಬಮಿನಲ್ಲಿ ಮೂರು ಹಾಡುಗಳ ಒಂದು ಗುಂಪಿದೆ, ಹದಿಹರೆಯದ ಒಂದು ತ್ರಿಕೋನ ಪ್ರೇಮವನ್ನು ಮೂವರೂ ತಮ್ಮ ತಮ್ಮ ಬದಿಯಿಂದ, ಬದುಕಿನ ಬೇರೆ ಬೇರೆ ಕಾಲದಲ್ಲಿ ನಿಂತು ಹೇಳುತ್ತಾರೆ ಎಂದು. ಹಾಗಾಗಿ ಇಲ್ಲಿ ಗುಟ್ಟು ಇರುವುದು ಖಂಡಿತ, ಇಟ್ಟವರೇ ಹೇಳಿದ್ದಾರೆ. ಬೀಗ ಎಲ್ಲಿದೆ ಎಂದಷ್ಟೇ ಹುಡುಕಬೇಕಿತ್ತು.

ಹದಿನಾಲ್ಕನೆಯ ಹಾಡು ‘ಬೆಟ್ಟಿ’ ಬಗ್ಗೆ ಯಾರಿಗೂ ಸಂಶಯ ಬರಲಿಲ್ಲ. ಜೇಮ್ಸ್ ಎಂಬ ಹದಿನೇಳರ ಹುಡುಗ ಬೆಟ್ಟಿಯ ಎದುರು ತಪ್ಪೊಪ್ಪಿಕೊಳ್ಳುವ ಹಾಡು ಅದು. ಇನೆಜ಼್ ಎಂಬ ಚಾಡಿಮಾತಿನ ಹುಡುಗಿಯ ಹೆಸರೂ ಬರುತ್ತದೆ. ಹೆಸರುಗಳಿದ್ದ ಮೇಲೆ ಅದು ಕತೆಯ ಹಾಡೇ. ಎರಡನೆಯ ಹಾಡು ‘ಕಾರ್ಡಿಗನ್’ ಕೂಡ ಬೇಗ ಸೇರಿತು, ‘ಬೆಟ್ಟಿ’ಯಲ್ಲಿ ಆ ಹುಡುಗಿ ಕಾರ್ಡಿಗನ್, ಅಂದರೆ ಗುಂಡಿಯ ಸ್ವೆಟರ್, ಹಾಕಿಕೊಂಡೇ ನಿಂತಿದ್ದಾಳಲ್ಲ. ಜಗಳ ಹತ್ತಿದ್ದು ಮೂರನೆಯದಕ್ಕೆ.

ಅಣ್ಣನ ಮಗಳು ಹತ್ತನೆಯ ಹಾಡು ‘ಇಲ್ಲಿಸಿಟ್ ಅಫೇರ್ಸ್’ ಎಂದಳು. ಕದ್ದುಮುಚ್ಚಿ ಭೇಟಿಯಾಗುವ ಹಾಡು, ಪಾರ್ಕಿಂಗ್ ಜಾಗದ ಮಾತು ಅದರಲ್ಲಿದೆ. ಪೆರ್ಲದವನು ಎಂಟನೆಯ ಹಾಡು ‘ಆಗಸ್ಟ್’ ಎಂದ. ಕಾರಣ ಕೇಳಿದರೆ, “ಎಂಟನೇ ತಿಂಗಳನ್ನು ಎಂಟನೇ ಜಾಗದಲ್ಲಿ ಇಟ್ಟಿದ್ದಾರೆ ಟೀಚರ್, ಏಳನೇದರ ಹೆಸರೇ ಸೆವೆನ್. ಸುಮ್ಮನೆ ಹಾಗೆ ಇಡುವುದುಂಟಾ?” ಉತ್ತರ ಸರಿಯಿತ್ತು, ದಾರಿ ಸರಿಯಿರಲಿಲ್ಲ. ಎಂಟು ಎಂಬ ಸಂಖ್ಯೆ ಆ ಹಾಡನ್ನು ತಿಂಗಳಿಗೆ ಜೋಡಿಸಬಹುದು, ಬೆಟ್ಟಿಗೆ ಹೇಗೆ ಜೋಡಿಸುತ್ತದೆ? ಸಾಲು ಕೊಡು ಎಂದೆ. ಅವನಲ್ಲಿ ಇರಲಿಲ್ಲ.

ಸಾಲು ಕೊಟ್ಟವನು ಮುಳ್ಳೇರಿಯದವನು. ಜುಲೈ 26ರ ಪುಟದಲ್ಲಿ ಅವನ ಕೈಬರಹ ಇದೆ. ‘ಬೆಟ್ಟಿ’ಯಲ್ಲಿ ಜೇಮ್ಸ್ ಒಂದು ಸಂಗತಿ ಹೇಳುತ್ತಾನೆ: ನಡೆದು ಹೋಗುತ್ತಿದ್ದಾಗ ಒಬ್ಬಳು ಕಾರು ತಂದು ನಿಲ್ಲಿಸಿ ಹತ್ತು ಎಂದಳು. ‘ಆಗಸ್ಟ್’ ಹಾಡಿನ ಹುಡುಗಿಯೂ ಒಂದು ಸಂಗತಿ ನೆನಪಿಸುತ್ತಾಳೆ: ನಾನು ಕಾರು ತಂದು ನಿಲ್ಲಿಸಿ ಹತ್ತು ಎಂದೆನಲ್ಲ, ನೆನಪುಂಟಾ? ಒಂದೇ ಕಾರು, ಒಂದೇ ಕ್ಷಣ, ಎರಡು ಬಾಯಿ. ಜೇಮ್ಸ್‌ಗೆ ಅದು ತನ್ನ ಕೆಟ್ಟ ಬುದ್ಧಿಯೇ ರೂಪ ತಾಳಿ ಬಂದಂತೆ. ಅವಳಿಗೆ ಬದುಕಿನ ಒಳ್ಳೆಯ ದಿನ. ‘ಇಲ್ಲಿಸಿಟ್ ಅಫೇರ್ಸ್’ನಲ್ಲಿ ಇಂಥ ಗಂಟು ಸಿಗಲಿಲ್ಲ, ಪಾರ್ಕಿಂಗ್ ಜಾಗ ಬಿಟ್ಟರೆ. ಅಣ್ಣನ ಮಗಳು ತನ್ನ ಊಹೆಯ ಮೇಲೆ ತಾನೇ ಗೀಟು ಹಾಕಿದಳು.

ಇಷ್ಟಕ್ಕೇ ಮುಗಿದಿದ್ದರೆ ಇದು ಒಗಟು ಬಿಡಿಸಿದ ಕತೆಯಾಗುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕುಂಬಳೆಯವಳು ಎರಡು ದಿನ ಬಿಟ್ಟು ಫೋನಿನಲ್ಲಿ ಹೇಳಿದ ಮಾತು. ಆ ದಿನ ಮಳೆ ಸ್ವಲ್ಪ ಬಿಟ್ಟಿತ್ತು, ತೋಟದಲ್ಲಿ ಅಡಿಕೆಗೆ ಮದ್ದು ಬಿಡುತ್ತಿದ್ದರು, ಆ ಗದ್ದಲದಲ್ಲಿ ನನಗೆ ಅರ್ಧ ಕೇಳಿಸಿ ಮತ್ತೆ ಹೇಳಿಸಿದೆ. “ಟೀಚರ್, ಜೇಮ್ಸ್ ಹೇಳುವುದು ಎಂತ? ನನಗೆ ಹದಿನೇಳು, ನನಗೆ ಏನೂ ಗೊತ್ತಿಲ್ಲ ಅಂತ. ಬೆಟ್ಟಿ ಅವಳ ಹಾಡಿನಲ್ಲಿ ಎಂತ ಹೇಳುತ್ತಾಳೆ? ಸಣ್ಣ ಪ್ರಾಯದವರಿಗೆ ಏನೂ ಗೊತ್ತಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನನಗೆ ಗೊತ್ತಿತ್ತು ಅಂತ. ಅವನು ಕ್ಷಮೆ ಕೇಳುವಾಗ ಎತ್ತಿದ ಮಾತಿಗೆ ಅವಳು ಎಷ್ಟೋ ವರ್ಷ ಕಳೆದು ಉತ್ತರ ಕೊಡುತ್ತಿದ್ದಾಳೆ. ಆಲ್ಬಮಿನಲ್ಲಿ ಉತ್ತರ ಮೊದಲು ಬರುತ್ತದೆ, ಪ್ರಶ್ನೆ ಕಡೆಗೆ ಬರುತ್ತದೆ.”

ಎರಡನೆಯ ಹಾಡು ಉತ್ತರ, ಹದಿನಾಲ್ಕನೆಯದು ಪ್ರಶ್ನೆ. ನಡುವೆ ಎಂಟರಲ್ಲಿ ಇಬ್ಬರೂ ಮರೆತ ಹುಡುಗಿ. ಹಾಡಿನ ಜಗಲಿ, ಮುರುಕು ಕಲ್ಲು ಹಾಸಿದ ದಾರಿ, ಕಾರ್ಡಿಗನ್, ಎಲ್ಲ ಗುರುತುಗಳನ್ನು ಪೆರ್ಲದವನು ಕೋಷ್ಟಕ ಮಾಡಿ ತುಂಬಿಸಿದ. ಆದರೆ ಕೋಷ್ಟಕದಲ್ಲಿ ಹಿಡಿಸದ್ದನ್ನು ಕಂಡವಳು ಇವಳು. ‘ಗೊತ್ತು’ ಎಂಬ ಒಂದು ಕ್ರಿಯಾಪದ ಎರಡು ಹಾಡುಗಳ ನಡುವೆ ಓಡಾಡುತ್ತಿತ್ತು. ಕಾವ್ಯ ಓದುವವರು ವರ್ಷಗಟ್ಟಲೆ ಹೇಳಿಕೊಡುವುದು ಇದನ್ನೇ. ಹತ್ತನೆಯ ತರಗತಿಯಲ್ಲಿ ನನ್ನ ಹತ್ತಿರ ಪದ್ಯದ ಸಾರಾಂಶ ಬರೆಯಲು ಕಷ್ಟಪಡುತ್ತಿದ್ದ ಹುಡುಗಿ ಅವಳು. ಆ ದಿನ ನನ್ನ ಪಾಠದ ರೀತಿಯ ಬಗ್ಗೆ ತುಂಬ ಯೋಚಿಸಿದೆ.

ಹೆಣ್ಣು ದನಿ, ಗಂಡು ಪಾತ್ರ

ಇನ್ನೊಂದು ಊಹೆ ಆಗ ಜೋರಾಗಿ ಓಡುತ್ತಿತ್ತು. ‘ಬೆಟ್ಟಿ’ ಹಾಡುವುದು ಹೆಣ್ಣು ದನಿ, ಗಾಯಕಿಗೆ ಟೇಲರ್ ಎಂದು ಹೆಸರಿಟ್ಟದ್ದು ಜೇಮ್ಸ್ ಟೇಲರ್ ಎಂಬ ಗಾಯಕನ ನೆನಪಿಗೆ. ಹಾಗಾದರೆ ಜೇಮ್ಸ್ ಎಂದರೆ ಗಾಯಕಿಯೇ, ಇದು ಎರಡು ಹುಡುಗಿಯರ ಪ್ರೇಮದ ಗುಟ್ಟು ಎಂದು. ಅಣ್ಣನ ಮಗಳು ಇದನ್ನು ಪ್ರೀತಿಯಿಂದ ಬರೆದಳು. ಮುಳ್ಳೇರಿಯದವನು ಕೇಳಿದ ಪ್ರಶ್ನೆ ಪುಟದ ಅಂಚಿನಲ್ಲಿದೆ: “ಹೆಣ್ಣು ದನಿಯಲ್ಲಿ ಗಂಡು ಪಾತ್ರ ಅಂದರೆ ನಮ್ಮ ಊರಿನವರಿಗೆ ಆಶ್ಚರ್ಯವಾ? ನಮ್ಮಲ್ಲಿ ಮೀಸೆ ಬೋಳಿಸಿ ದ್ರೌಪದಿ ಆಗುವುದಿಲ್ಲವಾ?” ಗಾಯಕಿ ಆಮೇಲೆ ಜೇಮ್ಸ್‌ನನ್ನು ಹುಡುಗನೆಂದೇ ಕರೆದು ಮಾತಾಡಿದರು. ಹೆಸರುಗಳು ಸ್ನೇಹಿತರ ಮಕ್ಕಳದ್ದು ಎಂದೂ ತಿಳಿಸಿದರು. ಆದರೂ ಆ ಊಹೆಯ ಪುಟಕ್ಕೆ ಗೀಟು ಹಾಕುವುದು ಬೇಡ ಎಂದು ನಾನೇ ಹೇಳಿದೆ. ಕತೆಯಲ್ಲಿ ತನ್ನಂಥವರೊಬ್ಬರು ಇರಲಿ ಎಂದು ಬಯಸಿ ಹಾಡು ಕೇಳುವವರು ಇರುತ್ತಾರೆ. ಅವರು ಕೇಳಿದ್ದನ್ನು ತಪ್ಪು ಎಂದು ಅಳಿಸುವ ಹಕ್ಕು ನೋಟ್‌ಬುಕ್ ಇಟ್ಟವರಿಗಿಲ್ಲ.

ಇಲ್ಲದ ಮನುಷ್ಯನ ಹೆಸರು

‘ಬೆಟ್ಟಿ’ ಮತ್ತು ‘ಎಕ್ಸೈಲ್’ ಹಾಡುಗಳ ರಚನೆಯಲ್ಲಿ ವಿಲಿಯಂ ಬೋವೆರಿ ಎಂಬವರ ಹೆಸರಿತ್ತು. ಆ ಹೆಸರಿನ ಸಂಗೀತಗಾರ ಬೇರೆಲ್ಲೂ ಸಿಗಲಿಲ್ಲ. ಪೆರ್ಲದವನು ಆಗಸ್ಟ್ ತಿಂಗಳಲ್ಲೇ ಬರೆದಿಟ್ಟ: ಇದು ಗಾಯಕಿಯ ಆಗಿನ ಗೆಳೆಯ, ನಟ ಜೋ ಆಲ್ವಿನ್. ಅವನ ಆಧಾರ ಯಾವ ಸಾಲೂ ಅಲ್ಲ, ಒಂದು ವಂಶವೃಕ್ಷ. ಆ ನಟನ ಮುತ್ತಜ್ಜ ವಿಲಿಯಂ ಆಲ್ವಿನ್ ಎಂಬ ಸಂಗೀತ ಸಂಯೋಜಕ. ಸಾಲಿಲ್ಲ, ಪುಟ ಇಲ್ಲ ಎಂದೆ. ಕಡೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆಯಲು ಮಾತ್ರ ಒಪ್ಪಿದೆ.

ನವೆಂಬರ್ 25ರಂದು ಆ ಆಲ್ಬಮಿನ ಬಗ್ಗೆ ಒಂದು ಸಂಗೀತಚಿತ್ರ ಬಂತು. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯಲ್ಲಿ ಆರನ್ ಡೆಸ್ನರ್ ಅವರ ಸ್ಟುಡಿಯೋದಲ್ಲಿ ಗಾಯಕಿ, ಡೆಸ್ನರ್, ಜ್ಯಾಕ್ ಆಂಟೊನಾಫ್ ಮೂವರೂ ಕೂತು ಒಂದೊಂದು ಹಾಡಿನ ಹುಟ್ಟು ಹೇಳಿದ್ದರು. ಕೊರೋನಾ ಕಾಲದಲ್ಲಿ ಬೇರೆ ಬೇರೆ ಕಡೆ ಕೂತು ಕಡತ ಕಳಿಸಿಕೊಂಡೇ ಆಲ್ಬಮ್ ಮಾಡಿದ್ದ ಅವರು ಅಲ್ಲಿ ಒಟ್ಟಿಗೆ ನುಡಿಸಿದರು. ಅದರಲ್ಲಿ ಗಾಯಕಿ ವಿಲಿಯಂ ಬೋವೆರಿ ಎಂದರೆ ಜೋ ಎಂದು ಸ್ಪಷ್ಟವಾಗಿ ಹೇಳಿದರು. ತ್ರಿಕೋನದ ಮೂರು ಹಾಡುಗಳೂ ಮಕ್ಕಳು ಹೇಳಿದ ಮೂರೇ. ‘ಆಗಸ್ಟ್’ ಹಾಡಿನ ಹುಡುಗಿಯನ್ನು ಮನಸ್ಸಿನಲ್ಲೇ ಅಗಸ್ಟಾ ಅಥವಾ ಅಗಸ್ಟೀನ್ ಎಂದು ಕರೆದುಕೊಳ್ಳುತ್ತಿದ್ದೆ ಎಂದೂ ಹೇಳಿದರು.

ಪೆರ್ಲದವನ ಫೋನು ಬಂತು. “ಟೀಚರ್, ಪೆನ್ಸಿಲಿನದ್ದಕ್ಕೆ ಪೆನ್ನು ಹಾಕಬಹುದಾ?” ಹಾಕು ಎಂದೆ. ನನ್ನ ನಿಯಮ ಅಲ್ಲಿ ಸೋತಿತ್ತು. ಪದ್ಯದ ಹೊರಗೆ, ಅಂಚಿನಲ್ಲಿ ಬಿದ್ದ ಗುರುತೂ ನಿಜವಾಗಬಹುದು. ಅಣ್ಣನ ಮಗಳು ಆಗಲೇ ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿಯ ಉದಾಹರಣೆ ಕೊಟ್ಟಳು. 2016ರ ಜನವರಿ 8ರಂದು, ತನ್ನ 69ನೆಯ ಹುಟ್ಟುಹಬ್ಬಕ್ಕೆ, ಅವರ ‘ಬ್ಲ್ಯಾಕ್‌ಸ್ಟಾರ್’ ಬಂತು. 10ನೆಯ ತಾರೀಕು ತೀರಿಕೊಂಡರು. ಕ್ಯಾನ್ಸರ್ ಇದ್ದದ್ದು ಹೊರಗೆ ಗೊತ್ತಿರಲಿಲ್ಲ. ಆ ಎರಡು ದಿನ ಕೇಳಿದವರಿಗೆ ಅದು ಒಂದು ವಿಚಿತ್ರ ಆಲ್ಬಮ್, ಸಾವಿನ ಸುದ್ದಿ ತಿಳಿದ ಮೇಲೆ ಕೇಳಿದವರಿಗೆ ಬೀಳ್ಕೊಡುಗೆ. ಸಾಲು ಬದಲಾಗಲಿಲ್ಲ, ಅಂಚು ಬದಲಾಯಿತು.

ವುಡ್‌ವೇಲ್

ಈ ಪ್ರಕರಣದ ಗಂಟು ಇರುವುದು ಇಲ್ಲಿ.

ಡಿಸೆಂಬರ್ 11ರಂದು, ಮತ್ತೆ ಒಂದೇ ದಿನದ ಮುನ್ಸೂಚನೆ ಕೊಟ್ಟು, ಎರಡನೆಯ ಆಲ್ಬಮ್ ‘ಎವರ್‌ಮೋರ್’ ಬಂತು. ಇದು ‘ಫೋಕ್‌ಲೋರ್’ನ ತಂಗಿ ಎಂದು ಗಾಯಕಿ ಹೇಳಿದ್ದರು. ಇಬ್ಬರು ಅಕ್ಕತಂಗಿಯರಿದ್ದ ಮೇಲೆ ಮೂರನೆಯವಳು ಇರಬಾರದೇ ಎಂಬ ಪ್ರಶ್ನೆ ಎದ್ದ ಹೊತ್ತಿಗೆ ಯಾರೋ ಒಂದು ಪದ ಕಂಡರು. ‘ಫೋಕ್‌ಲೋರ್’ನ ಹೊದಿಕೆ ಹಲವು ಬಗೆಯಲ್ಲಿ ಬಂದಿತ್ತು. ಅದರಲ್ಲಿ ಒಂದರ ಹೆಸರು ‘ಹೈಡ್ ಆ್ಯಂಡ್ ಸೀಕ್’, ನಮ್ಮ ಕಣ್ಣಾಮುಚ್ಚಾಲೆ. ಆ ಹೊದಿಕೆಯ ಕಾಡಿನ ಚಿತ್ರದಲ್ಲಿ ಮಸುಕಾಗಿ ‘ವುಡ್‌ವೇಲ್’ ಎಂದು ಬರೆದಿತ್ತು.

ಡಿಸೆಂಬರ್ 12ರ ರಾತ್ರಿ ಪೆರ್ಲದವನು ಮೂರು ಪುಟ ತುಂಬಿಸಿದ. ಅವನ ಪುಟಗಳಲ್ಲಿ ಇಷ್ಟು ಅಂದವಾದ್ದು ಬೇರೆ ಇಲ್ಲ. ಇಂಗ್ಲಿಷಿನಲ್ಲಿ ಬರೆದರೆ ಫೋಕ್‌ಲೋರ್ ಎಂಟು ಅಕ್ಷರ. ಎವರ್‌ಮೋರ್ ಎಂಟು ಅಕ್ಷರ. ವುಡ್‌ವೇಲ್ ಎಂಟು ಅಕ್ಷರ. ಎರಡೂ ಆಲ್ಬಮಿನ ಚಿತ್ರದಲ್ಲಿ ಕಾಡು, ಈ ಹೆಸರಿನ ಒಳಗೇ ಕಾಡು ಇದೆ. ತ್ರಿಕೋನದ ಕತೆಗೆ ಮೂರು ಹಾಡು, ಹಾಗೆಯೇ ಮೂರು ಆಲ್ಬಮ್. ಪದ ಅಡಗಿದ್ದು ಕಣ್ಣಾಮುಚ್ಚಾಲೆ ಎಂಬ ಹೆಸರಿನ ಹೊದಿಕೆಯಲ್ಲಿ. ಮೇಲಾಗಿ ಈ ಗಾಯಕಿಗೆ ಗುರುತು ಅಡಗಿಸುವುದು ಹೊಸದಲ್ಲ: 2006ರ ಮೊದಲ ಆಲ್ಬಮಿನಿಂದಲೇ ಅಚ್ಚಾದ ಸಾಹಿತ್ಯದಲ್ಲಿ ಅಲ್ಲಲ್ಲಿ ದೊಡ್ಡಕ್ಷರ ಹಾಕಿ, ಅವನ್ನು ಕೂಡಿಸಿದರೆ ಒಂದು ಸಂದೇಶ ಬರುವಂತೆ ಮಾಡುತ್ತಿದ್ದವರು.

ನನಗೆ ಏನೂ ಹೇಳಲಾಗಲಿಲ್ಲ. “ಎಂತ ಟೀಚರ್, ಸಾಲು ಕೊಡು ಅಂತೀರಿ, ಇದು ಕವರಿನ ಮೇಲೆ ಪ್ರಿಂಟ್ ಆಗಿಯೇ ಉಂಟಲ್ಲಾ!” ಹೌದು, ಇತ್ತು. ನಮ್ಮ ಅಲಂಕಾರಶಾಸ್ತ್ರದಲ್ಲಿ ಒಂದು ಮಾತಿದೆ, ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’ ಎಂದರೆ ನೀರಿನ ಮೇಲೆ ಹಟ್ಟಿ ನಿಲ್ಲುವುದಿಲ್ಲ, ಮುಖ್ಯಾರ್ಥಕ್ಕೆ ಬಾಧೆ ಬಂತು, ಹಾಗಾಗಿ ದಡ ಎಂಬ ಬೇರೆ ಅರ್ಥಕ್ಕೆ ಹೋಗಬೇಕು. ಹೊದಿಕೆಯ ಮೇಲೆ ಆಲ್ಬಮಿನದ್ದಲ್ಲದ ಒಂದು ಪದ ಇದ್ದರೆ ಅದೂ ಬಾಧೆಯೇ. ಬೇರೆ ಅರ್ಥ ಹುಡುಕಲು ಹೊರಟದ್ದರಲ್ಲಿ ಅವನ ತಪ್ಪಿಲ್ಲ ಎಂದು ಈಗಲೂ ಹೇಳುತ್ತೇನೆ.

ಡಿಸೆಂಬರ್ 14ರಂದು ಗಾಯಕಿ ಜಿಮ್ಮಿ ಕಿಮ್ಮೆಲ್ ಅವರ ಟಿ.ವಿ. ಕಾರ್ಯಕ್ರಮಕ್ಕೆ ಬಂದರು. ಅವರು ಹೇಳಿದ್ದು ಇಷ್ಟು: ಆಲ್ಬಮಿನ ಹೆಸರು ಹೊರಬೀಳುವ ಭಯಕ್ಕೆ ತಮ್ಮ ಹತ್ತಿರದ ತಂಡದವರಿಗೂ ನಿಜವಾದ ಹೆಸರು ಹೇಳಿರಲಿಲ್ಲ. ಹೊದಿಕೆಯ ಮೇಲೆ ಹೆಸರು ಹಾಕಿದರೆ ಹೇಗೆ ಕಾಣುತ್ತದೆ ಎಂದು ನೋಡಬೇಕಿತ್ತು. ಅದಕ್ಕೆ ‘ಫೋಕ್‌ಲೋರ್’ನಷ್ಟೇ ಅಕ್ಷರ ಇರುವ ಒಂದು ಸುಳ್ಳು ಹೆಸರು ಬೇಕಾಯಿತು, ಹೊಳೆದದ್ದು ವುಡ್‌ವೇಲ್. ಕಡೆಗೆ ಹೆಸರೇ ಹಾಕುವುದು ಬೇಡ ಎಂದಾಯಿತು. ಎಲ್ಲ ಹೊದಿಕೆಗಳಿಂದ ತೆಗೆದರು, ಒಂದರಲ್ಲಿ ತೆಗೆಯಲು ಮರೆತರು.

ಪೆರ್ಲದವನು ಆ ತುಣುಕನ್ನು ಎಷ್ಟು ಸಲ ನೋಡಿದನೋ. ಅವನ ಇಡೀ ವಾದದ ಬುನಾದಿ ಎಂಟು ಅಕ್ಷರ. ಆ ಎಣಿಕೆ ತಪ್ಪಾಗಿರಲಿಲ್ಲ. ಎಂಟು ಅಕ್ಷರ ಇದ್ದದ್ದಕ್ಕೆ ನಿಜವಾಗಿಯೂ ಕಾರಣ ಇತ್ತು. ಆದರೆ ಆ ಕಾರಣ ಅವನ ಊಹೆಯ ಕುತ್ತಿಗೆಗೇ ಬಂತು: ಮೂರನೆಯ ಆಲ್ಬಮ್ ಆದ್ದರಿಂದ ಎಂಟಲ್ಲ, ಮೊದಲ ಆಲ್ಬಮಿನ ಜಾಗದಲ್ಲಿ ಕೂರಿಸಲು ಬೇಕಾಗಿದ್ದರಿಂದ ಎಂಟು. ಎವರ್‌ಮೋರ್ ಕೂಡ ಎಂಟಾದದ್ದನ್ನ ಆಧಾರ ಎಂದು ಎಣಿಸಲು ಇನ್ನು ದಾರಿಯೇ ಇರಲಿಲ್ಲ. ಅವನ ಅತಿ ಗಟ್ಟಿಯಾದ ಸಾಕ್ಷಿಯೇ ಎದುರು ಪಕ್ಷಕ್ಕೆ ಹೋಯಿತು. ನಾನು ನೋಡಿದ ಯಾವ ತಾಳಮದ್ದಳೆಯಲ್ಲೂ ಎದುರು ಅರ್ಥ ಇಷ್ಟು ಚೊಕ್ಕವಾಗಿ ಬಂದದ್ದಿಲ್ಲ.

ಅವನು ಒಪ್ಪಲಿಲ್ಲ. ಡಿಸೆಂಬರ್ 16ರ ಪುಟದಲ್ಲಿ ಇದೆ: “ಗುಟ್ಟು ಕಾಯುವವರು ಗುಟ್ಟಿಲ್ಲ ಎಂದೇ ಹೇಳುತ್ತಾರೆ. ಆದ್ದರಿಂದ ಈ ಮಾತೂ ಒಂದು ಗುರುತು.” ಈ ಸಾಲು ಓದಿ ನನಗೆ ಹೆದರಿಕೆಯಾಯಿತು. ಜಾಣ ಹುಡುಗ, ಎಣಿಸಲು ಬಲ್ಲವನು, ಸಾಕ್ಷಿ ಸಿಕ್ಕಿದರೂ ಸಾಕ್ಷಿ, ಸಿಗದಿದ್ದರೂ ಸಾಕ್ಷಿ ಎಂಬಲ್ಲಿಗೆ ಬಂದು ನಿಂತಿದ್ದ. ಆ ಹೊತ್ತಿಗೆ ಊರಿನಲ್ಲಿ ರೋಗದ ಬಗ್ಗೆ, ಲಸಿಕೆಯ ಬಗ್ಗೆ ಇದೇ ತರ್ಕದ ಮಾತುಗಳು ಫೋನಿನಿಂದ ಫೋನಿಗೆ ಹೋಗುತ್ತಿದ್ದವು. ಹಾಡಿನ ವಿಷಯ ಎಂದು ಬಿಟ್ಟುಬಿಡಲು ನನಗೆ ಮನಸ್ಸು ಬರಲಿಲ್ಲ.

ಅವನಿಗೆ ಒಂದು ಹಳೆಯ ಕತೆ ಹೇಳಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಮರಳಿನಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನ ಇದೆ, ಪಪೈರಸ್ ಸಂಖ್ಯೆ 413. ಅದರಲ್ಲಿ ಭಾರತದ ತೀರದ ರಾಜನೊಬ್ಬ ಗ್ರೀಕರಿಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾನೆ. 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಆ ಮಾತು ಕನ್ನಡ ಎಂದರು. ಆರ್. ಶಾಮಾಶಾಸ್ತ್ರಿಗಳೂ ಅದೇ ದಾರಿಯಲ್ಲಿ ಹೋದರು. ತುಳು ಎಂದವರಿದ್ದಾರೆ, ಎರಡೂ ಅಲ್ಲ ಎಂದವರಿದ್ದಾರೆ. ನಾನು ಎಂ.ಎ. ಓದುವಾಗ ಅದು ಕನ್ನಡವೇ ಆಗಿರಲಿ ಎಂದು ಎಷ್ಟು ಆಸೆಪಟ್ಟಿದ್ದೆ! ಒಪ್ಪದವರ ಲೇಖನ ಓದಲು ನನಗೆ ಎರಡು ವರ್ಷ ಬೇಕಾಯಿತು. ನಮಗೆ ಬೇಕಾದ ಉತ್ತರಕ್ಕೆ ಆಧಾರ ಬೇಗ ಸಿಗುತ್ತದೆ, ಅದಕ್ಕೇ ಆ ಉತ್ತರವನ್ನು ಉಳಿದವಕ್ಕಿಂತ ಹೆಚ್ಚು ಜಗ್ಗಿ ನೋಡಬೇಕು ಎಂದೆ. ಅವನು ಸುಮ್ಮನೆ ಕೇಳಿದ.

ಮರುದಿನ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಲಂ ಗೀರಿದ್ದ. ‘ಯಾವ ಸಾಲು’ ಎಂಬುದರ ಪಕ್ಕ ‘ಎಂತ ಆದರೆ ಇದು ತಪ್ಪು’ ಎಂಬ ತಲೆಬರಹ. ವುಡ್‌ವೇಲ್‌ನ ಎದುರು ಅವನೇ ತುಂಬಿಸಿದ: “ಮುಂದಿನ ಆಲ್ಬಮ್ ಬೇರೆ ಹೆಸರಿನದ್ದಾದರೆ.”

2021ರ ಫೆಬ್ರವರಿ 11ರ ಸಂಜೆ ಸುದ್ದಿ ಬಂತು. ಮುಂದಿನದು ಗಾಯಕಿ ತಮ್ಮ 2008ರ ‘ಫಿಯರ್‌ಲೆಸ್’ ಆಲ್ಬಮನ್ನೇ ಮತ್ತೆ ಹಾಡಿ ತರುವುದು. ವುಡ್‌ವೇಲ್‌ಗೆ ಅವನೇ ಗೀಟು ಹಾಕಿದ. ಅದೇ ಸಂಜೆ ಗಾಯಕಿಯ ಪ್ರಕಟಣೆಯಲ್ಲಿ ಅಲ್ಲಲ್ಲಿ ಬೇಡದ ಕಡೆ ದೊಡ್ಡಕ್ಷರ ಇರುವುದು ಅವನ ಕಣ್ಣಿಗೆ ಬಿತ್ತು. ಕೂಡಿಸಿದ. ಏಪ್ರಿಲ್ ಒಂಬತ್ತು ಎಂದು ಬಂತು. ಈ ಸಲ ‘ಎಂತ ಆದರೆ ಇದು ತಪ್ಪು’ ಎಂಬಲ್ಲಿ ಬರೆದ: “ಏಪ್ರಿಲ್ 9ಕ್ಕೆ ಬರದಿದ್ದರೆ.” ಏಪ್ರಿಲ್ 9ಕ್ಕೇ ಬಂತು. ಇಟ್ಟ ಗುರುತು ಬೇರೆ, ತೆಗೆಯಲು ಮರೆತು ಉಳಿದ ಗುರುತು ಬೇರೆ. ನೋಡಲು ಎರಡೂ ಒಂದೇ ಥರ ಇರುತ್ತವೆ. ಕಾದು ನೋಡದೆ ಬೇರ್ಪಡಿಸಲು ಬರುವುದಿಲ್ಲ.

ತಲಪಾಡಿಯ ಹಾಡು

ನೋಟ್‌ಬುಕ್ಕಿನಲ್ಲಿ ಗೀಟೂ ಇಲ್ಲದ, ಸರಿ ಗುರುತೂ ಇಲ್ಲದ ಒಂದು ಪುಟ ಇದೆ. ಕುಂಬಳೆಯವಳದ್ದು. ನಾಲ್ಕನೆಯ ಹಾಡು ‘ಎಕ್ಸೈಲ್’ (ಗಡೀಪಾರು) ಬಗ್ಗೆ. ಗಂಡಸೊಬ್ಬ, ಹೆಂಗಸೊಬ್ಬಳು ಸರದಿಯಲ್ಲಿ ಹಾಡಿ, ಕಡೆಗೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವ ಹಾಡು. ಇಬ್ಬರೂ ಹೇಳುತ್ತಾರೆ, ಇಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಅವಳ ಉಮ್ಮುಮ್ಮನಿಗೆ, ಅಂದರೆ ಅಜ್ಜಿಗೆ, ಮಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಮಾರ್ಚಿನಲ್ಲಿ ಹೆದ್ದಾರಿ ಮುಚ್ಚಿ ಒಳದಾರಿಗಳಿಗೆ ಮಣ್ಣು ಬಿದ್ದಾಗ ಮನೆಯವರು ತಲಪಾಡಿಯವರೆಗೆ ಹೋಗಿ ತಿರುಗಿ ಬಂದಿದ್ದರು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮೊದಲಿಂದಲೂ ಮಂಗಳೂರೇ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಲು ಹೇಳಿತು, ಮಾತು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಉಮ್ಮುಮ್ಮ ಬದುಕಿದರು. ಆದರೆ ಆ ವಾರಗಳಲ್ಲಿ ಮನೆಯವರು ಎರಡು ರಾಜ್ಯದ ಟಿ.ವಿ.ಯನ್ನು ಎರಡು ಭಾಷೆಯಲ್ಲಿ ಕೇಳುತ್ತಾ ಕೂತಿದ್ದರು.

ಅವಳು ಬರೆದದ್ದು ಎರಡೇ ವಾಕ್ಯ. “ಇದು ನಮ್ಮ ಗಡಿಯ ಹಾಡು. ಅವರಿಗೆ ಗೊತ್ತಿಲ್ಲ.”

‘ಯಾವ ಸಾಲು’ ಕಲಮಿನಲ್ಲಿ ‘ಎಲ್ಲವೂ’ ಎಂದಿದೆ. ‘ಎಂತ ಆದರೆ ಇದು ತಪ್ಪು’ ಎಂಬುದು ಖಾಲಿ. ಪೆರ್ಲದವನು ಅದನ್ನು ತುಂಬಿಸು ಎಂದು ಒಂದು ಸಲವೂ ಕೇಳಲಿಲ್ಲ. ಹಾಡು ಬರೆದವರ ಮನಸ್ಸಿನಲ್ಲಿ ತಲಪಾಡಿ ಇತ್ತು ಎಂದು ಅವಳು ಹೇಳುತ್ತಿರಲಿಲ್ಲವಲ್ಲ. ಅದು ಅವಳು ಒಳಗೆ ತಂದ ಅರ್ಥ, ತಂದದ್ದು ಎಂದು ಗೊತ್ತಿದ್ದೇ ತಂದದ್ದು. ಹದಿಮೂರನೆಯ ಹಾಡು ‘ಎಪಿಫನಿ’ಯಲ್ಲಿ ಗಾಯಕಿಯೂ ಅದನ್ನೇ ಮಾಡಿದ್ದಾರೆ: 1942ರಲ್ಲಿ ಗ್ವಾಡಲ್ಕನಾಲ್ ಯುದ್ಧಕ್ಕೆ ಇಳಿದ ತಮ್ಮ ಅಜ್ಜನನ್ನೂ 2020ರ ಆಸ್ಪತ್ರೆಯ ದಾದಿಯರನ್ನೂ ಒಂದೇ ಹಾಡಿನಲ್ಲಿ ಕೂರಿಸಿದ್ದಾರೆ.

ಅಜ್ಜನ ಪ್ರಶ್ನೆ

2021ರ ಆಟಿ. ಯಕ್ಷಗಾನದ ಆಟವೂ ಇಲ್ಲ, ಮದುವೆಯೂ ಇಲ್ಲ. ಮುಳ್ಳೇರಿಯದವನ ಹಟದಿಂದ ಒಂದು ಸಂಜೆ ನಮ್ಮ ಚಾವಡಿಯಲ್ಲಿ ಕೂತದ್ದು ಆರೇ ಜನ, ಅಂತರ ಬಿಟ್ಟು. ಮೂರು ಹಾಡನ್ನು ತಾಳಮದ್ದಳೆಯಂತೆ ಮಾಡುವುದು ಎಂದಾಗಿತ್ತು. ಪೆರ್ಲದವನು ಭಾಗವತರ ಜಾಗದಲ್ಲಿ ಕೂತು ಹಾಡು ಹಾಕಿ, ಭಾವಾರ್ಥವನ್ನು ಕನ್ನಡದಲ್ಲಿ ಹೇಳುವುದು. ಕುಂಬಳೆಯವಳು ಬೆಟ್ಟಿ, ಮುಳ್ಳೇರಿಯದವನು ಜೇಮ್ಸ್, ಅಣ್ಣನ ಮಗಳು ‘ಆಗಸ್ಟ್’ನ ಹುಡುಗಿ. ಕೇಳಲು ನಾನು, ಮತ್ತು ಮುಳ್ಳೇರಿಯದ ಅಜ್ಜ.

ಜೇಮ್ಸ್ ಪೀಠಿಕೆ ಚೆನ್ನಾಗಿ ಹಾಕಿದ. ಅರ್ಧ ಗಂಟೆ ಕ್ಷಮೆ ಕೇಳಿದ. ಬೆಟ್ಟಿ ಒಂದೇ ಮಾತಿನಲ್ಲಿ ಕಟ್ಟಿಹಾಕಿದಳು: “ಏನೂ ಗೊತ್ತಿಲ್ಲ ಎನ್ನುವವನಿಗೆ ನನ್ನ ಮನೆಯ ದಾರಿ ಮಾತ್ರ ಹೇಗೆ ಗೊತ್ತಾಯಿತು?” ಅಜ್ಜ ತೊಡೆ ತಟ್ಟಿದರು. ಆಮೇಲೆ ಅಣ್ಣನ ಮಗಳ ಸರದಿ. ಅವಳು “ನಾನು ಅಗಸ್ಟಾ” ಎಂದು ಶುರುಮಾಡುವಷ್ಟರಲ್ಲಿ ಅಜ್ಜ ಕೈ ಎತ್ತಿದರು.

“ಮಗಾ, ಆ ಹುಡುಗಿಯ ಹೆಸರು ಪದ್ಯದಲ್ಲಿ ಉಂಟಾ?”

“ಇಲ್ಲ ಅಜ್ಜ. ಬರೆದವರು ಆಮೇಲೆ ಹೇಳಿದ್ದು.”

“ಅವನ ಹೆಸರು ಉಂಟು. ಇವಳ ಹೆಸರು ಉಂಟು. ಚಾಡಿ ಹೇಳಿದವಳ ಹೆಸರು ಸಹ ಉಂಟು ಅಂತ ಈ ಭಾಗವತ ಹೇಳಿದ. ನಿನ್ನ ಹೆಸರು ಮಾತ್ರ ಯಾಕೆ ಇಲ್ಲ?”

ನಾವು ಐದು ಜನ ಒಂದು ವರ್ಷ ಅದೇ ಮೂರು ಹಾಡಿನ ಸುತ್ತ ತಿರುಗಿದ್ದೆವು. ಹೊದಿಕೆಯ ಮೂಲೆಯ ಮಸುಕು ಅಕ್ಷರ ಎಣಿಸಿದ್ದೆವು. ಇದನ್ನು ಒಬ್ಬರೂ ಕೇಳಿರಲಿಲ್ಲ. ಪೆರ್ಲದವನು ನೋಟ್‌ಬುಕ್ ತೆರೆದು ಕೋಷ್ಟಕ ನೋಡಿದ. ಹೆಸರಿನ ಕಲಮಿನಲ್ಲಿ ಆ ಸಾಲಿಗೆ ಅವನೇ ಒಂದು ಗೆರೆ ಎಳೆದು ಬಿಟ್ಟಿದ್ದ.

“ಹೆಸರಿಲ್ಲದೆ ಹೇಳು” ಎಂದರು ಅಜ್ಜ.

ಅಣ್ಣನ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹೊರಗೆ ಮಳೆ ಹಿಡಿದಿತ್ತು, ತಗಡಿನ ಮಾಡಿನ ಸದ್ದಿಗೆ ಅವಳ ದನಿ ಮೊದಲು ಕೇಳಿಸಲಿಲ್ಲ. ಆಮೇಲೆ ಜೇಮ್ಸ್‌ನ ಕಡೆ ತಿರುಗಿ ಹೇಳಿದಳು: “ನೀನು ಅವಳ ಹತ್ತಿರ ನನ್ನ ಬಗ್ಗೆ ಹೇಳುವಾಗ ಕಾರು ನಿಲ್ಲಿಸಿದವಳು ಅಂತ ಮಾತ್ರ ಹೇಳಿದೆ. ಬೇಸಿಗೆ ಪೂರ್ತಿ ನನ್ನ ಹೆಸರು ಹಿಡಿದು ಕರೆದವನು ನೀನೇ. ಆ ಹೆಸರು ಎಲ್ಲಿಟ್ಟೆ?”

ಮುಳ್ಳೇರಿಯದವನಿಗೆ ಉತ್ತರ ಹೊಳೆಯಲಿಲ್ಲ. ಅಜ್ಜ ಪೆರ್ಲದವನ ಕಡೆ ನೋಡಿ, ಇನ್ನೊಂದು ಪದ್ಯ ಎತ್ತು ಎಂದು ಕೈಯಲ್ಲೇ ಹೇಳಿದರು.